ಪಾತ್ರ ಮತ್ತು ಬದುಕು: ಹಂಸಾ ವಾಡ್ಕರ್ ಅವರ ಜೀವನಕಥನ ಹಾಗೂ 'ಭೂಮಿಕಾ'

ಚಲನಚಿತ್ರವು ತನ್ನ ಹಿಂದಿನ ತಾರೆಗಳನ್ನು ತಾನೇ ವಸ್ತುವನ್ನಾಗಿ ಮಾಡಿಕೊಂಡ ಉದಾಹರಣೆಗಳು ವಿರಳವಲ್ಲ. ಬಿಲಿ ವೈಲ್ಡರ್ ನಿರ್ದೇಶಿಸಿದ 'ಸನ್‌ಸೆಟ್ ಬುಲೆವಾರ್ಡ್' (1950) ಮೂಕಿಚಿತ್ರಗಳ ಕಾಲದಲ್ಲಿ ಮೆರೆದು ಮರೆಯಾದ ನಟಿಯೊಬ್ಬಳ ಕಥೆ. ಆ ಪಾತ್ರವನ್ನು ವಹಿಸಿದ ಗ್ಲೋರಿಯಾ ಸ್ವಾನ್ಸನ್ ಸ್ವತಃ ಮೂಕಿಯುಗದ ಮಹಾತಾರೆಯಾಗಿದ್ದರು. ಬೆಂಗಳೂರಿನಲ್ಲಿ ಹುಟ್ಟಿ ಮುಂಬಯಿಯಲ್ಲಿ ಹೆಸರು ಮಾಡಿದ ಗುರುದತ್ತರ 'ಕಾಗಜ್ ಕೆ ಫೂಲ್' (1959) ಕೀರ್ತಿಶಿಖರದಿಂದ ಜಾರಿದ ನಿರ್ದೇಶಕನೊಬ್ಬನ ಅಂತ್ಯವನ್ನು ಚಿತ್ರಿಸಿತು. ತೆಲುಗಿನ 'ಮಹಾನಟಿ' (2018) ಸಾವಿತ್ರಿಯವರ ಏಳುಬೀಳುಗಳನ್ನು ಹೊಸ ತಲೆಮಾರಿನ ಮುಂದಿಟ್ಟಿತು. ಈ ಬಗೆಯ ಚಿತ್ರಗಳಲ್ಲಿ ಸಾಮಾನ್ಯವಾಗಿ ಶೋಕದ ಮೂಲ ಒಂದೇ: ಕೀರ್ತಿ ಇತ್ತು, ಈಗಿಲ್ಲ. ಬೆಳಕು ಆರಿದ ಮೇಲೆ ಕತ್ತಲೆಯಲ್ಲಿ ಕುಳಿತ ವ್ಯಕ್ತಿಯನ್ನು ನೋಡಿ ಪ್ರೇಕ್ಷಕನು ಮರುಗುತ್ತಾನೆ.

ಶ್ಯಾಮ್ ಬೆನೆಗಲ್ ಅವರ 'ಭೂಮಿಕಾ' (1977) ಈ ಸಾಲಿಗೆ ಸೇರಿಯೂ ಸೇರದ ಚಿತ್ರ. ಮರಾಠಿ ಹಾಗೂ ಹಿಂದಿ ಚಿತ್ರರಂಗದ ನಟಿ ಹಂಸಾ ವಾಡ್ಕರ್ ಅವರ ಆತ್ಮಕಥನ ಅದಕ್ಕೆ ಆಧಾರ. ಆ ಬದುಕಿನಲ್ಲಿ ಕಳೆದುಹೋದದ್ದು ಕೀರ್ತಿಯಲ್ಲ. ಬೇಡಿದ್ದು ಕೊನೆಯವರೆಗೂ ಕೈಗೆ ಬರಲಿಲ್ಲ. ಬೇಡಿದ್ದಾದರೂ ದೊಡ್ಡದೇನಲ್ಲ: ತನ್ನದೆಂದು ಹೇಳಿಕೊಳ್ಳಬಹುದಾದ ಒಂದು ಮನೆ, ಒಂದು ಸಂಸಾರ. ಹತ್ತಾರು ಚಿತ್ರಗಳಲ್ಲಿ ಗೃಹಿಣಿಯಾಗಿ, ಸತಿಯಾಗಿ, ಸಂತಳಾಗಿ, ಕುಣಿಯುವವಳಾಗಿ ನಟಿಸಿದ ಸ್ತ್ರೀಗೆ ಅದು ಏಕೆ ದಕ್ಕಲಿಲ್ಲವೆಂಬುದು ಅವರ ಜೀವನವನ್ನು ಅವಲೋಕಿಸುವವರ ಮುಂದೆ ನಿಲ್ಲುವ ಪ್ರಶ್ನೆ.

ಹಂಸಾ ವಾಡ್ಕರ್ ಹುಟ್ಟಿದ್ದು 1923ರಲ್ಲಿ, ಮುಂಬಯಿಯಲ್ಲಿ. ಹುಟ್ಟುಹೆಸರು ರತನ್, ಮನೆತನದ ಹೆಸರು ಸಾಳಗಾಂವ್‌ಕರ್. ಕೊಂಕಣದ ಸಾವಂತವಾಡಿ ಕಡೆಯ ಈ ಮನೆತನಕ್ಕೆ ಹಿಂದಿನ ತಲೆಮಾರುಗಳಲ್ಲಿ ಕಲಾವಂತಿಕೆಯ ಪರಂಪರೆಯಿತ್ತು. ಸಂಗೀತ ಮನೆಯೊಳಗಿನ ವಿದ್ಯೆಯಾಗಿತ್ತು. ಆದರೆ ವಿವಾಹವೆಂಬುದು ಆ ಪರಂಪರೆಯ ಸ್ತ್ರೀಯರ ಪಾಲಿಗೆ ಸಹಜವಾಗಿ ಒದಗುವ ಸಂಗತಿಯಾಗಿರಲಿಲ್ಲ. ಗೋವೆ, ಕೊಂಕಣ, ಉತ್ತರ ಕನ್ನಡ ಮೊದಲಾದ ಕಡಲಂಚಿನ ಪ್ರದೇಶಗಳಲ್ಲಿ ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಇಂಥ ಮನೆತನಗಳು ಹಳೆಯ ವೃತ್ತಿಯಿಂದ ಹೊರಬಂದು ಗೃಹಸ್ಥ ಜೀವನದ ಮರ್ಯಾದೆಯನ್ನು ಗಳಿಸಲು ಹೆಣಗುತ್ತಿದ್ದವು. ದೇವಾಲಯ ಹಾಗೂ ಶ್ರೀಮಂತರ ಆಶ್ರಯ ಕ್ಷೀಣಿಸಿ, ನಾಟಕ ಕಂಪನಿ, ಗ್ರಾಮಫೋನ್ ಮತ್ತು ಸಿನಿಮಾಗಳು ಹೊಸ ಆಶ್ರಯಗಳಾಗಿ ಕಾಣಿಸಿಕೊಂಡ ಕಾಲವದು. ಹಾಡು ಕುಣಿತಗಳನ್ನು ಬಲ್ಲ ಹೆಣ್ಣುಮಕ್ಕಳನ್ನು ಈ ಹೊಸ ಉದ್ಯಮ ಕೈಬೀಸಿ ಕರೆಯಿತು. ಆದರೆ ಹೊಸ ಉದ್ಯಮಕ್ಕೆ ಹಳೆಯ ಕಳಂಕವೂ ಅಂಟಿಕೊಂಡೇ ಬಂದಿತು. ಮರ್ಯಾದಸ್ಥರ ಮನೆಯ ಹೆಣ್ಣುಮಕ್ಕಳು ಸಿನಿಮಾಕ್ಕೆ ಬರುವುದು ಆಗಿನ್ನೂ ಆರಂಭವಾಗಿತ್ತಷ್ಟೆ.

ರತನ್ ಎಂಬ ಬಾಲಕಿ ಈ ಎರಡು ಒತ್ತಡಗಳ ನಡುವೆ ಬೆಳೆದಳು. ತಂದೆಗೆ ಕುಡಿತದ ಚಟ. ಮನೆಯಲ್ಲಿ ಹಣದ ಮುಗ್ಗಟ್ಟು. ಶಾಲೆ ಅರ್ಧಕ್ಕೇ ನಿಂತಿತು. ಹದಿಮೂರರ ಹರೆಯದಲ್ಲಿ, 1936ರಲ್ಲಿ, 'ವಿಜಯಾಚೀ ಲಗ್ನೆ' ಎಂಬ ಮರಾಠಿ ಚಿತ್ರದಲ್ಲಿ ಆಕೆ ಮೊದಲ ಬಾರಿ ನಟಿಸಿದಳು. ಮನೆತನದ ಹೆಸರು ತೆರೆಯ ಮೇಲೆ ಬರಕೂಡದೆಂಬ ಕಾರಣಕ್ಕೆ ಸಾಳಗಾಂವ್‌ಕರ್ ಹೋಗಿ ವಾಡ್ಕರ್ ಬಂದಿತು. ರತನ್ ಹೋಗಿ ಹಂಸಾ ಬಂದಿತು. ಆಕೆಯ ಸಂಪಾದನೆಯಿಂದ ಮನೆ ನಡೆಯಬೇಕು, ಆದರೆ ಆ ಮನೆಯ ಹೆಸರು ಆಕೆಗೆ ಸಲ್ಲಕೂಡದು. ಹಂಸಾ ಅವರ ಬದುಕಿನ ಮುಂದಿನ ಅಧ್ಯಾಯಗಳೆಲ್ಲ ಈ ಮೊದಲ ಒಪ್ಪಂದದ ವಿಸ್ತರಣೆಯಂತೆಯೇ ನಡೆದವು.

ಕುಟುಂಬಕ್ಕೆ ನಿಕಟನಾಗಿದ್ದು, ಕಷ್ಟಕಾಲದಲ್ಲಿ ನೆರವಾಗುತ್ತಿದ್ದ ಜಗನ್ನಾಥ ಬಂದರ್‌ಕರ್ ಎಂಬವರೊಡನೆ ಹಂಸಾ ಅವರ ವಿವಾಹವಾಯಿತು. ಆತ ವಯಸ್ಸಿನಲ್ಲಿ ಬಹಳ ಹಿರಿಯ. ಹಂಸಾ ಅವರಿಗೆ ಇನ್ನೂ ಹದಿಹರೆಯ. ಮದುವೆಯಾದರೆ ಬಣ್ಣ ಹಚ್ಚುವ ಕೆಲಸ ಮುಗಿಯುತ್ತದೆ, ಇನ್ನು ಅಡುಗೆ, ಮಕ್ಕಳು, ಹಬ್ಬಹುಣ್ಣಿಮೆಗಳೆಂದು ಬಾಳಬಹುದು ಎಂಬುದು ಆ ಎಳೆಯ ಮನಸ್ಸಿನ ನಿರೀಕ್ಷೆಯಾಗಿತ್ತು. ನಡೆದದ್ದು ಬೇರೆ. ಗಂಡನ ವ್ಯವಹಾರಗಳು ಕೈಹಿಡಿಯಲಿಲ್ಲ. ಹೆಂಡತಿಯ ಸಂಪಾದನೆಯೇ ಸಂಸಾರದ ಆಧಾರವಾಯಿತು. ಕರಾರುಗಳನ್ನು ಕುದುರಿಸುವವನು ಗಂಡ, ದುಡಿಯುವವಳು ಹೆಂಡತಿ. ಸಹನಟರೊಡನೆ ಹೆಸರು ಕೇಳಿಬಂದಾಗ ಸಂಶಯಪಡುವವನೂ ಅವನೇ, ಮರುದಿನ ಅದೇ ಸಹನಟನೊಡನೆ ನಟಿಸಲು ಕಳುಹಿಸುವವನೂ ಅವನೇ. ಮಗಳೊಬ್ಬಳು ಹುಟ್ಟಿದಳು, ಮುಂದಿನ ಮಕ್ಕಳ ಆಸೆ ಈಡೇರಲಿಲ್ಲ. ತಾಯ್ತನವೂ ಕರಾರಿನ ದಿನಾಂಕಗಳಿಗೆ ಹೊಂದಿಕೊಳ್ಳಬೇಕಾದ ಸ್ಥಿತಿ ಉಂಟಾಯಿತು.

ಈ ಸಂದರ್ಭದಲ್ಲಿ ಅಂದಿನ ಚಿತ್ರೋದ್ಯಮದ ವ್ಯವಸ್ಥೆಯನ್ನು ಸ್ವಲ್ಪ ಗಮನಿಸುವುದು ಅಗತ್ಯ. 1930ರ ದಶಕದಲ್ಲಿ ಮುಂಬಯಿಯ ಬಾಂಬೆ ಟಾಕೀಸ್, ಪುಣೆಯ ಪ್ರಭಾತ್, ಕಲ್ಕತ್ತೆಯ ನ್ಯೂ ಥಿಯೇಟರ್ಸ್ ಮೊದಲಾದ ಸಂಸ್ಥೆಗಳು ಕಲಾವಿದರನ್ನೂ ತಂತ್ರಜ್ಞರನ್ನೂ ತಿಂಗಳ ಸಂಬಳದ ಮೇಲೆ ಇಟ್ಟುಕೊಳ್ಳುತ್ತಿದ್ದವು. ಕಾರ್ಖಾನೆಯಂತೆ ನಿಗದಿತ ವೇಳೆ, ನಿಗದಿತ ಶಿಸ್ತು. ನಟಿಯರಿಗೆ ಇದರಿಂದ ಒಂದು ಬಗೆಯ ಭದ್ರತೆ ದೊರೆಯುತ್ತಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹೊಸ ಹಣ ಹರಿದುಬಂದು, ಒಂದೊಂದು ಚಿತ್ರಕ್ಕೂ ಬೇರೆಬೇರೆ ಕರಾರು ಮಾಡಿಕೊಳ್ಳುವ ಪದ್ಧತಿ ಬಲಗೊಂಡಿತು. ತಾರೆಯರ ಸಂಭಾವನೆ ಏರಿತು. ಆದರೆ ನಿವೃತ್ತಿವೇತನವಾಗಲಿ ಕಾಯಿಲೆಯ ಕಾಲಕ್ಕೆ ಆಸರೆಯಾಗಲಿ ಇರಲಿಲ್ಲ. ಹಣ ಯಾರ ಕೈಗೆ ಸೇರುತ್ತದೆಂಬುದು ಮನೆಯವರ ಇಚ್ಛೆಗೆ ಬಿಟ್ಟ ವಿಷಯವಾಗಿತ್ತು. ಇದು ಹಂಸಾ ಒಬ್ಬರದೇ ಪಾಡಲ್ಲ. ಬಿಜಾಪುರ ಸೀಮೆಯ ಬೀಳಗಿಯಲ್ಲಿ ಹುಟ್ಟಿ 'ಕಿಸ್ಮತ್' (1943) ಚಿತ್ರದ ಗೀತೆಗಳಿಂದ ದೇಶವನ್ನೇ ಗೆದ್ದ ಅಮೀರ್‌ಬಾಯಿ ಕರ್ನಾಟಕಿ ಅವರೂ ಖಳನಟನಾಗಿದ್ದ ಪತಿಯಿಂದ ಹಿಂಸೆಯನ್ನೂ ಆರ್ಥಿಕ ಶೋಷಣೆಯನ್ನೂ ಅನುಭವಿಸಿದರು. ಅವರ ಬದುಕನ್ನು ರಹಮತ್ ತರೀಕೆರೆಯವರು ಕನ್ನಡದಲ್ಲಿ ಗ್ರಂಥರೂಪಕ್ಕೆ ತಂದಿದ್ದಾರೆ. ತೆರೆಯ ಮೇಲೆ ಲಕ್ಷಾಂತರ ಜನರ ಮನಸ್ಸನ್ನು ಆಳಿದ ಸ್ತ್ರೀಯರು ತಮ್ಮ ಗಳಿಕೆಯ ಮೇಲೆ ಹಕ್ಕಿಲ್ಲದೆ ಬದುಕಿದರೆಂಬುದು ಆ ಕಾಲದ ಚಿತ್ರರಂಗದ ಇತಿಹಾಸದಲ್ಲಿ ದಾಖಲಾಗಲೇಬೇಕಾದ ಸಂಗತಿ.

ಹಂಸಾ ಅವರ ವೃತ್ತಿಜೀವನ ಮಾತ್ರ ಮೇಲ್ಮುಖವಾಗಿಯೇ ಸಾಗಿತು. ಬಾಂಬೆ ಟಾಕೀಸ್ ಸಂಸ್ಥೆಯ 'ನವಜೀವನ್' (1939) ಚಿತ್ರದ ನಾಯಕಿಯಾಗಿ ಅವರು ಹಿಂದಿ ಪ್ರೇಕ್ಷಕರಿಗೆ ಪರಿಚಿತರಾದರು. ಅನಂತರ ಪುಣೆಯ ಪ್ರಭಾತ್ ಸಂಸ್ಥೆಗೆ ಬಂದು 'ಸಂತ ಸಖೂ' (1941) ಚಿತ್ರದ ಮುಖ್ಯ ಪಾತ್ರವನ್ನು ನಿರ್ವಹಿಸಿದರು. ಕನ್ನಡಿಗರಿಗೆ ಸಕ್ಕೂಬಾಯಿಯ ಕಥೆ ಅಪರಿಚಿತವಲ್ಲ. ಅತ್ತೆಯ ಮನೆಯವರ ಹಿಂಸೆಯನ್ನು ಸಹಿಸುತ್ತ, ಪಂಢರಾಪುರದ ವಿಠಲನ ದರ್ಶನಕ್ಕಾಗಿ ಹಂಬಲಿಸುವ ಸೊಸೆ. ಅವಳನ್ನು ಕಟ್ಟಿಹಾಕಿದಾಗ ಅವಳ ರೂಪದಲ್ಲಿ ತಾನೇ ಬಂದು ನಿಂತು ಮನೆಗೆಲಸ ಮಾಡುವ ದೇವರು. ದಾಸಸಾಹಿತ್ಯದ ವಿಠಲನನ್ನು ಬಲ್ಲ ನಾಡಿನಲ್ಲಿ ಈ ಕಥೆ ಹರಿಕಥೆ ನಾಟಕಗಳ ಮೂಲಕ ಮನೆಮಾತಾಗಿದೆ. ಪ್ರಭಾತದ ಸಂತಚಿತ್ರಗಳ ಸರಣಿಯಲ್ಲಿ, 'ಸಂತ ತುಕಾರಾಮ್' (1936) ಮತ್ತು 'ಸಂತ ಜ್ಞಾನೇಶ್ವರ್' (1940) ಚಿತ್ರಗಳ ಅನಂತರ ಬಂದ ಈ ಚಿತ್ರ ಹಂಸಾ ಅವರಿಗೆ ಗೌರವದ ಸ್ಥಾನವನ್ನು ತಂದುಕೊಟ್ಟಿತು. ತೆರೆಯ ಮೇಲಿನ ಸಖೂವಿನ ಬಂಧನವನ್ನು ಬಿಡಿಸಲು ದೇವರು ಬಂದನು. ಪಾತ್ರಧಾರಿಣಿಯ ಮನೆಗೆ ಅಂಥ ನೆರವು ಬರಲಿಲ್ಲ. ಪೇಶ್ವೆಯರ ಕಾಲದ ನ್ಯಾಯಾಧೀಶನೊಬ್ಬನನ್ನು ಕುರಿತ 'ರಾಮಶಾಸ್ತ್ರಿ' (1944) ಪ್ರಭಾತದಲ್ಲಿ ಅವರು ನಟಿಸಿದ ಮತ್ತೊಂದು ಹೆಸರಾಂತ ಚಿತ್ರ.

ಅವರ ಕೀರ್ತಿಯನ್ನು ಶಿಖರಕ್ಕೇರಿಸಿದ್ದು 'ಲೋಕಶಾಹೀರ್ ರಾಮಜೋಶಿ' (1947). ಬಾಬೂರಾವ್ ಪೇಂಟರ್ ಹಾಗೂ ವಿ. ಶಾಂತಾರಾಮ್ ನಿರ್ದೇಶನದ ಈ ಚಿತ್ರದಲ್ಲಿ ಜಯರಾಮ್ ಶಿಲೇದಾರ್ ಶಾಹೀರನ ಪಾತ್ರ ವಹಿಸಿದರೆ, ಹಂಸಾ ತಮಾಷಾದ ನರ್ತಕಿ ಬಯಾ ಆಗಿ ಕಾಣಿಸಿಕೊಂಡರು. ಕಥಾನಾಯಕನಾದ ರಾಮಜೋಶಿ ಸೊಲ್ಲಾಪುರದ ವೈದಿಕ ಮನೆತನದಲ್ಲಿ ಹುಟ್ಟಿ, ಲಾವಣಿಯ ಸೆಳೆತಕ್ಕೆ ಸಿಕ್ಕಿ ಡಫ್ ಹಿಡಿದ ಕವಿ. ಕನ್ನಡ ಮರಾಠಿಗಳೆರಡೂ ಬೀದಿಯಲ್ಲಿ ಕೇಳಿಬರುವ ಸೊಲ್ಲಾಪುರದಿಂದ ಬಿಜಾಪುರ, ಬೆಳಗಾವಿಗಳವರೆಗೆ ಹಬ್ಬಿದ ಲಾವಣಿಯ ಪರಂಪರೆ ಉತ್ತರ ಕರ್ನಾಟಕದ ಹರದೇಶಿ ನಾಗೇಶಿ ಹಾಡಿಕೆಯನ್ನು ಬಲ್ಲವರಿಗೆ ಹತ್ತಿರದ್ದೇ. ಈ ಚಿತ್ರದ ಯಶಸ್ಸಿನಿಂದ ಮರಾಠಿಯಲ್ಲಿ ತಮಾಷಾಪ್ರಧಾನ ಚಿತ್ರಗಳ ಒಂದು ಪ್ರವಾಹವೇ ಆರಂಭವಾಯಿತು. ಹಂಸಾ ಆ ಪ್ರಕಾರದ ಮೊದಲ ಮಹಾತಾರೆಯಾದರು. ಲಾವಣಿಯ ಲಯಕ್ಕೆ ದೇಹವನ್ನು ಒಡ್ಡುತ್ತಲೇ ಪಾತ್ರದ ಘನತೆಯನ್ನು ಕಾಯ್ದುಕೊಳ್ಳುವ ಅವರ ಅಭಿನಯ ಮುಂದಿನ ನಟಿಯರಿಗೆ ಮಾದರಿಯಾಯಿತು. ರಾಜಾ ಪರಾಂಜಪೆಯವರ 'ಪುಢಚಂ ಪಾವೂಲ್' (1950) ಚಿತ್ರದಲ್ಲಿ ಅವರು ಪು.ಲ. ದೇಶಪಾಂಡೆಯವರೊಡನೆ ನಟಿಸಿದರು. ಅನಂತ ಮಾನೆಯವರ 'ಸಾಂಗತ್ಯೇ ಐಕಾ' (1959) ಪುಣೆಯಲ್ಲಿ ಎರಡು ವರ್ಷಕ್ಕೂ ಮೀರಿ ಓಡಿ ಇತಿಹಾಸ ನಿರ್ಮಿಸಿತು. ಹೇಳುತ್ತೇನೆ ಕೇಳಿ ಎಂಬುದು ಆ ಮರಾಠಿ ಶೀರ್ಷಿಕೆಯ ಅರ್ಥ. ಆ ಚಿತ್ರದಲ್ಲಿ ಹಂಸಾ ಅವರ ಜೊತೆಗೆ ನಟಿಸಿದ ಜಯಶ್ರೀ ಗಡ್ಕರ್ ಮುಂದೆ ಅದೇ ಪ್ರಕಾರದ ಅಧಿನಾಯಿಕೆಯಾದರು. ಒಂದು ತಲೆಮಾರು ಇಳಿದು ಇನ್ನೊಂದು ಏರುವ ಸಂಧಿಯನ್ನು ಒಂದೇ ಚಿತ್ರದಲ್ಲಿ ಕಾಣಬಹುದಾಗಿತ್ತು.

ಈ ಸಾರ್ವಜನಿಕ ಯಶಸ್ಸಿನ ಬೆನ್ನಿಗೇ ಖಾಸಗಿ ಬದುಕು ಕುಸಿಯುತ್ತ ಹೋಯಿತು. ಕುಡಿತ ಜೊತೆಗೂಡಿತು. ಗಂಡನ ಮನೆಯನ್ನು ಬಿಟ್ಟು ಹೊರನಡೆದ ಹಂಸಾ ಒಮ್ಮೆ ಮರಾಠವಾಡೆಯ ಒಳನಾಡಿನ ಜಮೀನುದಾರನೊಬ್ಬನೊಡನೆ ಅವನ ಊರಿಗೆ ಹೋದರು. ಅಲ್ಲಿ ಅವರಿಗಿಂತ ಮೊದಲೇ ಬಂದ ಹೆಂಡತಿಯರಿದ್ದರು. ಬಣ್ಣದ ಲೋಕವನ್ನು ಬಿಟ್ಟು, ತಲೆಯ ಮೇಲೆ ಸೆರಗು ಹೊದ್ದು, ದೊಡ್ಡ ಮನೆಯ ಕೆಲಸಬೊಗಸೆಗಳಲ್ಲಿ ಅವರು ತಮ್ಮನ್ನು ತೊಡಗಿಸಿಕೊಂಡರು. ಬಹುಕಾಲದ ಬಯಕೆಯಾದ ಗೃಹಿಣೀತ್ವ ಕಡೆಗೂ ದೊರೆತಂತೆ ತೋರಿತು. ಆದರೆ ಆ ಮನೆಯ ಹೊಸಿಲನ್ನು ದಾಟುವ ಸ್ವಾತಂತ್ರ್ಯ ಅವರಿಗಿಲ್ಲವೆಂಬುದು ಕ್ರಮೇಣ ಅರಿವಾಯಿತು. ನಾಡಿಗೆ ನಾಡೇ ಗುರುತಿಸುವ ಮುಖ ಹೊರಜಗತ್ತಿನ ಕಣ್ಣಿಗೆ ಬೀಳದಂತೆ ವರ್ಷಗಟ್ಟಲೆ ಮರೆಯಾಗಿತ್ತು. ಕೊನೆಗೆ ಗುಟ್ಟಾಗಿ ಸುದ್ದಿ ಕಳುಹಿಸಿ, ತಾವು ಬಿಟ್ಟುಬಂದ ಗಂಡನನ್ನೇ ಕರೆಸಿಕೊಂಡು ಅವರು ಅಲ್ಲಿಂದ ಬಿಡುಗಡೆ ಪಡೆಯಬೇಕಾಯಿತು. ಆ ಬಿಡುಗಡೆಯ ಹಾದಿಯಲ್ಲಿ ಕಾನೂನಿನ ರಕ್ಷಕನಾಗಬೇಕಾಗಿದ್ದ ಅಧಿಕಾರಿಯೇ ತಮ್ಮ ಮೇಲೆ ಅತ್ಯಾಚಾರವೆಸಗಿದನೆಂಬುದನ್ನು ಅವರು ಮುಂದೆ ಮುಚ್ಚುಮರೆಯಿಲ್ಲದೆ ಹೇಳಿದರು. ಒಂದು ಬಂಧನದಿಂದ ಪಾರಾಗಲು ಮತ್ತೊಂದು ಬಂಧನದ ಕೈಯನ್ನೇ ಹಿಡಿಯಬೇಕಾದ ಈ ಘಟನೆಯಲ್ಲಿ ಅವರ ಬದುಕಿನ ಸಂಕಟದ ಸಾರವೆಲ್ಲ ಅಡಗಿದೆ.

ಅವರ ಉತ್ತರಜೀವನ ಅನಾರೋಗ್ಯದಲ್ಲಿ ಕಳೆಯಿತು. ತಮಾಷಾ ಚಿತ್ರಗಳಿಗೆ ಹೊಸ ಮುಖಗಳು ಬಂದಿದ್ದವು. ಹಿಂದೆ ದುಡಿದ ಸಂಸ್ಥೆಗಳೂ ಉಳಿದಿರಲಿಲ್ಲ: ಬಾಂಬೆ ಟಾಕೀಸ್ ಮುಚ್ಚಿತ್ತು, ಪುಣೆಯ ಪ್ರಭಾತದ ನೆಲದಲ್ಲಿ 1960ರಲ್ಲಿ ಕೇಂದ್ರಸರಕಾರದ ಫಿಲ್ಮ್ ಇನ್‌ಸ್ಟಿಟ್ಯೂಟ್ ತಲೆಯೆತ್ತಿತ್ತು. ಇಂಥ ಹೊತ್ತಿನಲ್ಲಿ ಹಂಸಾ ಅವರು ಕೈಗೊಂಡ ಕೊನೆಯ ಕಾರ್ಯ ಅವರ ನಟನೆಯಷ್ಟೇ ಗಣ್ಯವಾದುದು. ತಮ್ಮ ಬದುಕನ್ನು ಅವರು ಬಾಯ್ದೆರೆಯಾಗಿ ಹೇಳಿದರು. ಮುಂದೆ 'ಮುಂಬಯಿ ದಿನಾಂಕ' ಮತ್ತು 'ಸಿಂಹಾಸನ' ಕಾದಂಬರಿಗಳಿಂದ ಹೆಸರಾದ ಅರುಣ ಸಾಧು ಅವರು ಅದನ್ನು ಬರೆದುಕೊಂಡರು. ಪುಣೆಯ 'ಮಾಣೂಸ್' ಪತ್ರಿಕೆಯಲ್ಲಿ ಕಾಣಿಸಿಕೊಂಡ ಆ ಕಥನ 1970ರಲ್ಲಿ ಪುಸ್ತಕವಾಯಿತು. ಶೀರ್ಷಿಕೆಗಾಗಿ ಅವರು ದೂರ ಹೋಗಲಿಲ್ಲ. ತಮ್ಮದೇ ಯಶಸ್ವೀ ಚಿತ್ರದ ಹೆಸರಾದ 'ಸಾಂಗತ್ಯೇ ಐಕಾ' ಎಂಬುದನ್ನೇ ಇಟ್ಟರು. ಚಿತ್ರದಲ್ಲಿ ಆ ಮಾತು ಪಾತ್ರದ್ದಾಗಿತ್ತು. ಪುಸ್ತಕದಲ್ಲಿ ಅದು ನಟಿಯದಾಯಿತು. ಪುಸ್ತಕ ಹೊರಬಂದ ಸ್ವಲ್ಪ ಕಾಲದಲ್ಲಿಯೇ, ಐವತ್ತು ತುಂಬುವ ಮೊದಲೇ, ಅವರು ತೀರಿಕೊಂಡರು.

ಮರಾಠಿಯಲ್ಲಿ ನಟಿಯರ ಆತ್ಮಕಥನಗಳಿಗೆ ಒಂದು ಪರಂಪರೆಯೇ ಇದೆ. ಶಾಂತಾ ಆಪ್ಟೆಯವರು 1940ರಲ್ಲಿಯೇ ಚಿತ್ರರಂಗದ ಒಳಹೊರಗನ್ನು ವಿಮರ್ಶಿಸುವ ಪುಸ್ತಕವನ್ನು ಬರೆದಿದ್ದರು. ಹಂಸಾ ಅವರ ಅನಂತರ ಸ್ನೇಹಪ್ರಭಾ ಪ್ರಧಾನ್, ಲೀಲಾ ಚಿಟ್ನಿಸ್, ದುರ್ಗಾ ಖೋಟೆ ಮೊದಲಾದವರ ಆತ್ಮಕಥೆಗಳು ಬಂದವು. ಇವರಲ್ಲಿ ಅನೇಕರು ಶಿಕ್ಷಿತ ಮಧ್ಯಮವರ್ಗದಿಂದ ಬಂದವರು; ಚಿತ್ರರಂಗಕ್ಕೆ ಮರ್ಯಾದೆಯನ್ನು ತಂದವರೆಂಬ ಹಿರಿಮೆ ಅವರಿಗಿತ್ತು. ಹಂಸಾ ಅವರಿಗೆ ಅಂಥ ಹಿನ್ನೆಲೆಯ ಬಲವಿರಲಿಲ್ಲ. ಕಳೆದುಕೊಳ್ಳಲು ಪ್ರತಿಷ್ಠೆಯಿಲ್ಲದವರ ನಿರ್ಭೀತಿ ಅವರ ನಿರೂಪಣೆಯಲ್ಲಿದೆ. ತಮ್ಮ ಚಟ, ತಮ್ಮ ಸಂಬಂಧಗಳು, ತಮ್ಮ ಹಟ, ತಾವು ಇತರರಿಗೆ ಉಂಟುಮಾಡಿದ ನೋವು ಯಾವುದನ್ನೂ ಅವರು ಮರೆಮಾಡಲಿಲ್ಲ. ತಮಗಾದ ಅನ್ಯಾಯವನ್ನು ಹೇಳುವಾಗಲೂ ಕಣ್ಣೀರಿಗೆ ಕೈಚಾಚಲಿಲ್ಲ. ತನ್ನನ್ನು ತಾನು ನಿರ್ದೋಷಿಯೆಂದು ಸ್ಥಾಪಿಸುವ ಉದ್ದೇಶವಿಲ್ಲದ ಆತ್ಮಕಥನ ಭಾರತೀಯ ಭಾಷೆಗಳಲ್ಲಿ ಅಪರೂಪ. ಆ ಕಾರಣದಿಂದಲೇ ಸ್ತ್ರೀಸಾಹಿತ್ಯದ ಅಧ್ಯಯನದಲ್ಲಿ ಈ ಕೃತಿಗೆ ವಿಶಿಷ್ಟ ಸ್ಥಾನ ಸಂದಿದೆ.

ಈ ಕಥನವನ್ನು ತೆರೆಗೆ ತಂದವರಲ್ಲಿ ಕರ್ನಾಟಕದ ಸಂಬಂಧವುಳ್ಳವರು ಹಲವರು. ನಿರ್ದೇಶಕ ಶ್ಯಾಮ್ ಬೆನೆಗಲ್ (1934–2024) ಹೈದರಾಬಾದಿನ ಪರಿಸರದಲ್ಲಿ ಬೆಳೆದವರು; ಅವರ ಕೊಂಕಣಿ ಮನೆತನದ ಬೇರು ಕರಾವಳಿ ಕರ್ನಾಟಕದ್ದು. ಗುರುದತ್ತರು ಅವರಿಗೆ ಬಂಧುಗಳು. ಚಿತ್ರಕಥೆಯ ರಚನೆಯಲ್ಲಿ ಬೆನೆಗಲ್ ಹಾಗೂ ಸತ್ಯದೇವ ದುಬೆಯವರೊಡನೆ ಗಿರೀಶ ಕಾರ್ನಾಡರು ಪಾಲುಗೊಂಡರು. ನಾಯಕಿಯನ್ನು ಪ್ರೀತಿಸುವ ಸಹನಟ ರಾಜನ್ ಆಗಿ ಅನಂತನಾಗ್ ನಟಿಸಿದರು. ಗೋವಿಂದ ನಿಹಲಾನಿಯವರ ಛಾಯಾಗ್ರಹಣ, ವನರಾಜ ಭಾಟಿಯಾ ಅವರ ಸಂಗೀತ ಚಿತ್ರಕ್ಕೆ ಒದಗಿದವು. ನಾಯಕಿ ಉಷೆಯ ಪಾತ್ರವನ್ನು ವಹಿಸಿದ ಸ್ಮಿತಾ ಪಾಟೀಲರಿಗೆ ಆಗ ಇಪ್ಪತ್ತೊಂದು ಇಪ್ಪತ್ತೆರಡರ ವಯಸ್ಸು. ಹದಿಹರೆಯದ ಹುಡುಗಿಯಿಂದ ಮದುವೆಗೆ ಬಂದ ಮಗಳ ತಾಯಿಯವರೆಗಿನ ಹರಹನ್ನು ಅವರು ನಿರ್ವಹಿಸಿದ ರೀತಿಗೆ ರಾಷ್ಟ್ರೀಯ ಪ್ರಶಸ್ತಿ ಸಂದಿತು. ಚಿತ್ರಕಥೆಗೂ ರಾಷ್ಟ್ರೀಯ ಪ್ರಶಸ್ತಿ ದೊರೆಯಿತು.

'ಭೂಮಿಕಾ' ಎಂದರೆ ಪಾತ್ರ. ಚಿತ್ರ ಆರಂಭವಾಗುವುದು ಲಾವಣಿಯ ನೃತ್ಯದಿಂದ; ಪ್ರೇಕ್ಷಕನು ಅದರಲ್ಲಿ ಮುಳುಗುವಷ್ಟರಲ್ಲಿ ಅದು ಚಿತ್ರೀಕರಣವೆಂಬುದು ತಿಳಿಯುತ್ತದೆ. ಅಲ್ಲಿಂದ ಮುಂದೆ ಪಾತ್ರ ಎಲ್ಲಿ ಮುಗಿಯುತ್ತದೆ, ಬದುಕು ಎಲ್ಲಿ ತೊಡಗುತ್ತದೆ ಎಂಬ ಗೆರೆ ಮತ್ತೆಮತ್ತೆ ಅಳಿಸಿಹೋಗುತ್ತದೆ. ಬಾಲ್ಯದ ನೆನಪುಗಳಿಗೆ ಕಪ್ಪುಬಿಳುಪಿನ ಛಾಯೆ, ವರ್ತಮಾನಕ್ಕೆ ಬಣ್ಣ. ನಡುನಡುವೆ ಉಷೆ ನಟಿಸುವ ಹಳೆಯ ಮಾದರಿಯ ಚಿತ್ರಗಳ ತುಣುಕುಗಳು. ಹೀಗೆ ಒಬ್ಬ ನಟಿಯ ಕಥೆಯ ಜೊತೆಗೇ ಭಾರತೀಯ ಚಿತ್ರರಂಗದ ಎರಡು ದಶಕಗಳ ಬೆಳವಣಿಗೆಯೂ ತೆರೆದುಕೊಳ್ಳುತ್ತದೆ. ಉಷೆಯ ಬದುಕಿನಲ್ಲಿ ಬರುವ ಗಂಡಸರು ನಾಲ್ವರು: ಅವಳ ದುಡಿಮೆಯಿಂದ ಬದುಕುವ ಗಂಡ ಕೇಶವ, ಪ್ರೀತಿಸಿಯೂ ನಿರ್ಧಾರಕ್ಕೆ ಬಾರದ ರಾಜನ್, ಸಾವಿನ ತತ್ತ್ವವನ್ನು ಮಾತನಾಡುವ ನಿರ್ದೇಶಕ ಸುನಿಲ್ ವರ್ಮಾ, ಮನೆಯೆಂಬ ಕೋಟೆಯಲ್ಲಿ ಅವಳನ್ನು ಇರಿಸಿಕೊಳ್ಳುವ ಜಮೀನುದಾರ ಕಾಳೆ. ಅಮೋಲ್ ಪಾಲೇಕರ್, ಅನಂತನಾಗ್, ನಸೀರುದ್ದೀನ್ ಶಾಹ್, ಅಮರೀಶ್ ಪುರಿ ಈ ಪಾತ್ರಗಳನ್ನು ಕ್ರಮವಾಗಿ ನಿರ್ವಹಿಸಿದ್ದಾರೆ. ಇವರಲ್ಲಿ ಯಾರೂ ಸಿದ್ಧಮಾದರಿಯ ಖಳರಲ್ಲ. ಒಬ್ಬೊಬ್ಬರೂ ಅವಳಿಗೆ ಏನನ್ನೋ ಕೊಡಬಲ್ಲವರಂತೆ ಕಾಣುತ್ತಾರೆ; ಕೊಡುವಾಗ ಒಂದು ಪಾತ್ರವನ್ನು ಮಾತ್ರ ಕೊಡುತ್ತಾರೆ. ಕಾಳೆಯ ಮನೆಯಲ್ಲಿ ಕಾಯಿಲೆಯಿಂದ ಹಾಸಿಗೆ ಹಿಡಿದ ಹೆಂಡತಿ, ಅವನ ತಾಯಿ, ತಾಯಿಯ ವಾತ್ಸಲ್ಯಕ್ಕೆ ಹಾತೊರೆಯುವ ಮಗ ಇವರ ನಡುವೆ ಉಷೆ ಕೆಲಕಾಲ ನೆಮ್ಮದಿ ಕಾಣುತ್ತಾಳೆ. ಆ ಬಾಲಕನನ್ನು ಜಾತ್ರೆಗೆ ಕರೆದೊಯ್ಯಲು ಹೊರಟಾಗಲೇ ಬಾಗಿಲು ಅವಳಿಗೆ ತೆರೆಯುವುದಿಲ್ಲವೆಂಬುದು ತಿಳಿಯುವುದು. ಗೃಹಿಣಿಯ ಪಾತ್ರಕ್ಕೂ ಒಂದು ಕರಾರಿದೆಯೆಂಬುದು ಆ ಕ್ಷಣದ ಅರಿವು.

ಪುಸ್ತಕಕ್ಕೂ ಚಿತ್ರಕ್ಕೂ ಇರುವ ಅಂತರವನ್ನು ಗುರುತಿಸದಿದ್ದರೆ ಹಂಸಾ ಅವರಿಗೆ ನ್ಯಾಯ ಸಲ್ಲಿಸಿದಂತಾಗದು. ಬಿಡುಗಡೆಯ ಸಂದರ್ಭದಲ್ಲಿ ಅಧಿಕಾರಿ ಎಸಗಿದ ಅತ್ಯಾಚಾರ ಚಿತ್ರದಲ್ಲಿಲ್ಲ. ಹೆಣ್ಣಿನ ದುಃಖಕ್ಕೆ ಕುಟುಂಬದೊಳಗಿನ ಪುರುಷರನ್ನು ಹೊಣೆಯಾಗಿಸಿದ ಚಿತ್ರ, ಪ್ರಭುತ್ವದ ಹೊಣೆಯನ್ನು ಕೈಬಿಟ್ಟಿತು. ಅಂತ್ಯವೂ ಬೇರೆಯಾಗಿದೆ. ಮುಂಬಯಿಗೆ ಮರಳಿದ ಉಷೆ, ಮದುವೆಯಾಗಿ ಗರ್ಭಿಣಿಯಾಗಿರುವ ಮಗಳು ತನ್ನೊಡನಿರಲು ಕರೆದರೂ ಹೋಗದೆ ಹೋಟೆಲಿನ ಕೋಣೆಯಲ್ಲಿ ಒಬ್ಬಳೇ ಉಳಿಯುತ್ತಾಳೆ. ಇನ್ನಾರ ಆಶ್ರಯದಲ್ಲೂ ಇರಲಾರೆನೆಂಬ ನಿರ್ಧಾರ ಅದರಲ್ಲಿದೆ. ಅದಕ್ಕೆ ಅವಳು ತೆರುವ ಬೆಲೆಯಾದ ಏಕಾಂತವೂ ಅದರಲ್ಲಿದೆ. ಕಲೆಯ ದೃಷ್ಟಿಯಿಂದ ಈ ಅಂತ್ಯ ಸಮರ್ಥವಾದುದು. ಆದರೆ ಹಂಸಾ ಅವರ ಬದುಕು ಆ ಕೋಣೆಯಲ್ಲಿ ನಿಲ್ಲಲಿಲ್ಲ. ಅದರಾಚೆಗೆ ಕಾಯಿಲೆಯಿತ್ತು, ಕೊರತೆಯಿತ್ತು, ಕೆಲಸ ಕಡಿಮೆಯಾದ ವರ್ಷಗಳಿದ್ದವು. ಕೊನೆಗೆ ಎಲ್ಲವನ್ನೂ ಹೇಳಿಬಿಡುವ ಸಂಕಲ್ಪವಿತ್ತು. ಉಷೆ ಮೌನಕ್ಕೆ ಸಂದರೆ ಹಂಸಾ ಮಾತಿಗೆ ಬಂದರು. ತನ್ನ ಕಥೆಯನ್ನು ತಾನೇ ಹೇಳುವ ನಾಯಕಿಯನ್ನು ಚಿತ್ರ ತೋರಿಸಲಿಲ್ಲವೆಂಬುದು ಅದರ ಮುಖ್ಯ ಕೊರತೆಯೆನ್ನಬೇಕು.

ಆದರೂ ಈ ಚಿತ್ರವಿಲ್ಲದಿದ್ದರೆ ಮರಾಠಿಯ ಹೊರಗೆ ಹಂಸಾ ವಾಡ್ಕರ್ ಎಂಬ ಹೆಸರು ಇಷ್ಟು ವ್ಯಾಪಕವಾಗಿ ಉಳಿಯುತ್ತಿತ್ತೆ ಎಂಬುದು ಸಂಶಯಾಸ್ಪದ. ಚಿತ್ರವನ್ನು ನೋಡಿದ ಅನೇಕರು ಅಲ್ಲಿಂದ ಪುಸ್ತಕದ ಕಡೆಗೆ ತಿರುಗಿದರು. ಅದು ಇಂಗ್ಲಿಷಿಗೂ ಅನುವಾದವಾಗಿದೆ. ಉಷೆಯನ್ನು ಅಮರಗೊಳಿಸಿದ ಸ್ಮಿತಾ ಪಾಟೀಲ್ 1986ರ ಡಿಸೆಂಬರಿನಲ್ಲಿ, ಹೆರಿಗೆಯಾದ ಕೆಲವೇ ದಿನಗಳಲ್ಲಿ, 31ರ ವಯಸ್ಸಿನಲ್ಲಿ ಅಗಲಿದರು. ಗಿರೀಶ ಕಾರ್ನಾಡರು 2019ರಲ್ಲಿ, ಬೆನೆಗಲ್ 2024ರಲ್ಲಿ ತೀರಿಕೊಂಡರು. ಚಿತ್ರವನ್ನು ಕಟ್ಟಿದ ಕೈಗಳು ಒಂದೊಂದಾಗಿ ಮರೆಯಾಗುತ್ತಿರುವಾಗಲೂ ಅದರ ಮೂಲದಲ್ಲಿರುವ ಧ್ವನಿ ಕ್ಷೀಣಿಸಿಲ್ಲ.

ಮುಂಬಯಿ ಪುಣೆಗಳ ಕನ್ನಡಿಗರಿಗೆ ಈ ಜೀವನಕಥೆ ಹೊರನಾಡಿನದಲ್ಲ. ಅವರು ಕೆಲಸ ಮಾಡುವ ಬೀದಿಗಳಲ್ಲಿ, ಅವರು ಚಿತ್ರ ನೋಡಿದ ಮಂದಿರಗಳಲ್ಲಿ, ಅವರಿಗೂ ಪ್ರಿಯನಾದ ವಿಠಲನ ಕಥೆಗಳಲ್ಲಿ, ಸೊಲ್ಲಾಪುರದ ಲಾವಣಿಯಲ್ಲಿ ಅದು ಹಾದುಹೋಗಿದೆ. ಮರೆಯಾದ ತಾರೆಯರನ್ನು ಸ್ಮರಿಸುವಾಗ ಅವರ ಚಿತ್ರಗಳ ಪಟ್ಟಿಯನ್ನಷ್ಟೇ ಒಪ್ಪಿಸಿದರೆ ಸಾಲದು. ಅವರ ದುಡಿಮೆಯ ಫಲ ಯಾರಿಗೆ ಸಂದಿತು, ಅವರ ಹೆಸರನ್ನು ಯಾರು ಇಟ್ಟರು, ಅವರ ಕಥೆಯನ್ನು ಯಾರು ಹೇಳಿದರು ಎಂಬುದನ್ನೂ ಕೇಳಬೇಕಾಗುತ್ತದೆ. ಮೊದಲಿನ ಎರಡು ಪ್ರಶ್ನೆಗಳಿಗೆ ಹಂಸಾ ವಾಡ್ಕರ್ ಅವರ ಬದುಕು ಕೊಡುವ ಉತ್ತರ ವಿಷಾದಕರವಾದುದು. ಮೂರನೆಯ ಪ್ರಶ್ನೆಗೆ ಮಾತ್ರ ಅವರು ತಮ್ಮ ಕೊನೆಯ ವರ್ಷಗಳಲ್ಲಿ ತಾವೇ ಉತ್ತರವಾದರು. ಆ ಉತ್ತರವನ್ನು ಓದಿ, 'ಭೂಮಿಕಾ' ಚಿತ್ರವನ್ನು ಅದರ ಪಕ್ಕದಲ್ಲಿಟ್ಟು ನೋಡುವುದು ಆ ನಟಿಗೆ ಸಲ್ಲಬೇಕಾದ ಗೌರವ.